ಮಹಡಿ ಮನೆಯ ಅಳು

ಮತ್ತೆ ಶುರುವಾಯಿತು. ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ದ್ರೌಪದಮ್ಮ ಕಿವಿಗೊಟ್ಟರು. ಮಹಡಿ ಮನೆಯ ಬಚ್ಚಲಲ್ಲಿ ನಲ್ಲಿ ಭೋರೆಂದು ಸುರಿಯುತ್ತಿತ್ತು. ಆ ಸದ್ದಿನಡಿ ಅಳು. ಬಾಯಿಗೆ ಬಟ್ಟೆ ತುರುಕಿದ ಹಾಗೆ ಉಸಿರು ಕಟ್ಟಿಕೊಂಡು, ಬಿಕ್ಕಿ ಬಿಕ್ಕಿ ಬರುವ ಸಣ್ಣ ದನಿಯ ಅಳು.

ಸ್ವಲ್ಪ ಹೊತ್ತಿಗೆ ನಲ್ಲಿ ನಿಂತಿತು. ಅಳುವೂ ನಿಂತಿತು.

“ಪಾಪಿ! ಒಂದಿನ ಮಗೀನ ಕೊಂದೇ ಆಕ್ಬುಡ್ತಾಳೆ,” ಎಂದರು ದ್ರೌಪದಮ್ಮ. ಅಡುಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಅಲ್ಲಾಳಸಂದ್ರದ ಕೆರೆಯ ಹಿಂದಿನ ಬೀದಿಯಲ್ಲಿದ್ದ ಅವರ ಮನೆಯ ಮಹಡಿಗೆ ಪದ್ಮಶ್ರೀ ಬಾಡಿಗೆಗೆ ಬಂದದ್ದು ದಸರಾ ಕಳೆದ ಮೇಲೆ. ಗಂಡ ಮುನೇಶ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ; ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮಗಳು ರಕ್ಷಾಗೆ ಆರು ವರ್ಷವಾದರೂ ಸ್ಕೂಲಿಗೆ ಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಸೇರಿಸಿದ್ವಿ ಆಂಟಿ. ಅವ್ರೇ ಬೇಡ ಅಂದ್ರು,” ಎಂದಷ್ಟೇ ಹೇಳಿ ಪದ್ಮಶ್ರೀ ಬಾಗಿಲು ಹಾಕಿಕೊಂಡಿದ್ದಳು.

ಅಂದಿನಿಂದ ದ್ರೌಪದಮ್ಮನ ಕಣ್ಣು ಮಹಡಿಯ ಮೇಲೆಯೇ. ಚಳಿಗಾಲದಲ್ಲೂ ಮಗುವಿನ ಮೈಮೇಲೆ ಅದೇ ನೂಲು ಬಿಟ್ಟ ಹಳೇ ಫ್ರಾಕು, ಅದೂ ಒಳಗು ಹೊರಗಾಗಿ. ಸಂಕ್ರಾಂತಿಗೆ ತಾವು ಕೊಡಿಸಿದ ಜರಿ ಲಂಗ ಪೆಟ್ಟಿಗೆ ಸೇರಿತೋ, ಯಾರ ಮನೆ ಸೇರಿತೋ. ಎಳ್ಳುಬೆಲ್ಲ ಕೊಡಲು ಕೈ ಹಿಡಿದರೆ, ಕೆಂಡ ತಗುಲಿದಂತೆ ಮಗು ಕೈ ಕಿತ್ತುಕೊಂಡಿತು. ಏಟು ತಿಂದ ಮಗುವಲ್ಲದೆ ಇನ್ಯಾವುದು ಹೀಗೆ ಬೆದರೀತು?

ಆಮೇಲೆ ಏರ್ ಶೋಗಾಗಿ ವಿಮಾನಗಳ ತಾಲೀಮು ಶುರುವಾಯಿತು. ಯಲಹಂಕದ ಕಡೆಯಿಂದ ಯುದ್ಧವಿಮಾನಗಳು ಕಿಟಕಿ ಗಾಜು ನಡುಗುವಂತೆ ಬೀದಿಯ ಮೇಲೆ ಹಾದುಹೋಗುತ್ತಿದ್ದವು. ಉಳಿದ ಮಕ್ಕಳೆಲ್ಲ ತಾರಸಿ ಹತ್ತಿ ಕೇಕೆ ಹಾಕಿದರೆ, ಮಹಡಿ ಮನೆಯ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಬಚ್ಚಲಿನ ಅಳು ಆ ದಿನಗಳಲ್ಲೇ ಹೆಚ್ಚಾದದ್ದು.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಮೆಟ್ಟಿಲು ಹತ್ತುತ್ತಿದ್ದ ದ್ರೌಪದಮ್ಮ ಕಿಟಕಿಯ ಸಂದಿಯಿಂದ ಒಳಗೆ ನೋಡಿದರು. ಮಗು ನೆಲದ ಮೇಲೆ. ಅದರ ಮೇಲೊಂದು ಹಾಸಿಗೆ. ಹಾಸಿಗೆಯ ಮೇಲೆ ಪದ್ಮಶ್ರೀ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಿದ್ದಳು. ಪುಟ್ಟ ಪಾದಗಳೆರಡು ಮಾತ್ರ ಹೊರಗಿದ್ದವು. ಅಲುಗುತ್ತಿರಲಿಲ್ಲ.

ಬಟ್ಟೆ ಅಲ್ಲೇ ಬಿಟ್ಟು ಕೆಳಗೆ ಓಡಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಫೋನಿಟ್ಟ ಮೇಲೆ ಬಚ್ಚಲಿನ ಅಳು ಕೇಳಿಸಿತು. ಆ ಅಳು ಕೇಳಿ ಮೊದಲ ಸಲ ಅವರಿಗೆ ಸಮಾಧಾನವಾಯಿತು. ಸದ್ಯ, ಮಗು ಬದುಕಿದೆ.

ಮಾರನೆಯ ಬೆಳಿಗ್ಗೆ ಸಹಾಯವಾಣಿಯಿಂದ ನಿಶಾತ್ ಎಂಬ ಹುಡುಗಿ ಬಂದಳು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ ಎಂದಳು. “ಗುಟ್ಟು ಯಾಕವ್ವ? ನಾನೇ ಮಾಡಿದ್ದು. ನಡಿ, ನಾನೂ ಬತ್ತೀನಿ,” ಎಂದು ದ್ರೌಪದಮ್ಮ ಮುಂದಾದರು.

ಪದ್ಮಶ್ರೀ ಬಾಗಿಲಲ್ಲೇ ಬಿಳಿಚಿಕೊಂಡಳು. ಕೇಳಿದ್ದಕ್ಕೆಲ್ಲ ಪಿಸುದನಿಯಲ್ಲಿ ಉತ್ತರ ಕೊಟ್ಟಳು. ಬಟ್ಟೆಯ ಹೊಲಿಗೆ ತಗುಲಿದರೆ ಮಗುವಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಮೆಲ್ಲಗೆ ಮುಟ್ಟಿದರೆ ಸಹಿಸದು, ಗಟ್ಟಿಯಾಗಿ ಒತ್ತಿದರೆ ಮಾತ್ರ ಜೀವ ತಣ್ಣಗಾಗುತ್ತದೆ. ಹಾಸಿಗೆ ಹಾಕಿ ಒತ್ತುವುದನ್ನು ಥೆರಪಿಯವರೇ ಹೇಳಿಕೊಟ್ಟದ್ದು. ಸದ್ದಂತೂ ಆಗಲೇ ಆಗದು.

“ಕುಕ್ಕರ್ ಕೂಗ್ಸಲ್ಲ ಮೇಡಂ. ಮಿಕ್ಸಿ ಅಟ್ಟ ಸೇರಿದೆ. ಜಗಳ ಆಡ್ಬೇಕಂದ್ರೂ ನಾವಿಬ್ರು ಗೇಟಿಂದ ಆಚೆ ಹೋಗ್ತೀವಿ. ಮನೇಲಿ ಒಂದು ದನಿ ಜೋರಾದ್ರೆ ಸಾಕು, ಆ ದಿನ ಪೂರ್ತಿ ಇವ್ಳು ಮಂಚದ ಕೆಳಗಿಂದ ಬರಲ್ಲ.”

ನಿಶಾತ್ ತಲೆಯಾಡಿಸಿದಳು. ದ್ರೌಪದಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

“ಅದೆಲ್ಲ ಇರ್ಲಿ ಕಣವ್ವ. ಬಚ್ಚಲಲ್ಲಿ ಮಗೀಗೆ ಏನ್ ಮಾಡ್ತೀಯ? ನಲ್ಲಿ ಬುಟ್ಟು, ಬಾಯಿಗೆ ಬಟ್ಟೆ ತುರುಕಿ?”

ಪದ್ಮಶ್ರೀಯ ತಲೆ ತಗ್ಗಿತು. “ರಕ್ಷಾ ಅಳಲ್ಲ ಆಂಟಿ.”

“ಸುಳ್ಳು! ಇದೇ ಕಿವೀಲಿ ಕೇಳಿವ್ನಿ!”

ದನಿ ಏರಿದ್ದೇ ತಡ, ರಕ್ಷಾ ಎರಡೂ ಕಿವಿ ಮುಚ್ಚಿಕೊಂಡು ಮಂಚದಡಿ ನುಸುಳಿದಳು. ಪದ್ಮಶ್ರೀ ಕೈಮುಗಿದಳು. “ಮೆಲ್ಲಗೆ ಆಂಟಿ, ದಮ್ಮಯ್ಯ.”

“ಬಚ್ಚಲಲ್ಲಿ ಏನಾಗುತ್ತೆ, ಹೇಳಿ,” ಎಂದಳು ನಿಶಾತ್. ಪದ್ಮಶ್ರೀ ಬಗ್ಗಿ ಮಂಚದಡಿ ನೋಡಿದಳು. ನಿಶಾತ್ ಮತ್ತೆ ಕೇಳಿದಳು. ಪದ್ಮಶ್ರೀ ಹೋಗಿ ಬಚ್ಚಲಿನ ಬಾಗಿಲು ಎಳೆದು ಮುಚ್ಚಿದಳು. ನಿಶಾತಳ ಮುಖ ಗಂಭೀರವಾಯಿತು.

“ಮಗು ಜೊತೆ ನಾನು ಬೇರೆ ಕೂತ್ಕೋಬೇಕು. ಕೆಳಗಡೆ ಕರ್ಕೊಂಡು ಹೋಗ್ತೀನಿ. ನೀವು ಇಲ್ಲೇ ಇರಿ.”

“ಅಲ್ಲಿಂದ ಹಂಗೇ ಕರ್ಕೊಂಡು ಹೋಗ್ಬಿಡ್ತೀರಾ ಮೇಡಂ?”

“ಈಗ ಏನೂ ಹೇಳೋಕಾಗಲ್ಲ.”

ಪದ್ಮಶ್ರೀ ವಾದಿಸಲಿಲ್ಲ. ಮಗುವನ್ನು ಮಂಚದಡಿಯಿಂದ ತೆಗೆದು, ದಪ್ಪ ಮೆತ್ತನೆ ಹೊದಿಕೆಯಲ್ಲಿ ಬಿಗಿಯಾಗಿ ಸುತ್ತಿ, ನಿಶಾತಳ ತೋಳಿಗೆ ಕೊಟ್ಟಳು. “ಗಟ್ಟಿಯಾಗಿ ಹಿಡ್ಕೊಳ್ಳಿ. ಮೆಲ್ಲಗೆ ಹಿಡಿದ್ರೆ ಹೆದರ್ಕೋತಾಳೆ.”

ಕೆಳಗಿನ ಮನೆಯಲ್ಲಿ ರಕ್ಷಾ ಬೀರುವಿಗೂ ಗೋಡೆಗೂ ನಡುವಿನ ಸಂದಿ ಹುಡುಕಿಕೊಂಡು, ಅದರೊಳಗೆ ಬೆನ್ನು ಒತ್ತಿ ಕೂತಳು. ನಿಶಾತ್ ದೂರದಲ್ಲೇ ನೆಲದ ಮೇಲೆ ಕೂತಳು. ತಾಯಿಯನ್ನು ಬಿಟ್ಟು ಬಂದಿದೆ, ಈಗ ಅತ್ತೇ ಅಳುತ್ತದೆ, ಆಗ ಇವಳಿಗೂ ನಿಜ ತಿಳಿಯುತ್ತದೆ ಎಂದು ದ್ರೌಪದಮ್ಮ ಕಾದರು. ಮಗು ತುಟಿ ಬಿಗಿದು ಗೋಡೆ ನೋಡುತ್ತಿತ್ತು. ಕಣ್ಣುಗಳು ಒಣಗಿದ್ದವು.

ಮೇಲೆ ನಲ್ಲಿ ಭೋರೆಂದಿತು. ಅದರಡಿ ಅಳು ಶುರುವಾಯಿತು. ಉಸಿರು ಕಟ್ಟಿಕೊಂಡು, ಬಿಕ್ಕಿ ಬಿಕ್ಕಿ, ಹಿಂದೆಂದಿಗಿಂತ ಜೋರಾಗಿ.

“ನೋಡು, ನೋಡು! ಮತ್ತೆ ಮಗೀನ ಅಳಿಸ್ತಾವ್ಳೆ!” ಎಂದು ದ್ರೌಪದಮ್ಮ ಧಡಕ್ಕನೆ ಎದ್ದು ನಿಂತರು.

ಮಗು ಅವರ ಕಣ್ಣೆದುರೇ ಕೂತಿತ್ತು.