ಒಂದು ದಿನದ ಗಂಬೂಟು

"ಗಂಬೂಟು ಬಿಚ್ಚಿ ಕೊಟ್ಟು ಹೋಗಿ, ನಾಳೆ ಕಳಸದ ತೋಟದಲ್ಲಿ ಶೂಟಿಂಗ್ ಇದೆ," ಎಂದು ಮ್ಯಾನೇಜರ್ ಕೂಗಿದ್ದೇ ದ್ಯಾವಮ್ಮ ಕಾಫಿ ಗಿಡದ ಬುಡದಲ್ಲಿ ಕೂತಳು. ಕಂಪನಿ ಕೂಲಿಯವರನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತದೆ ಎಂದು ಬೆಳಿಗ್ಗೆಯಿಂದ ಕ್ಯಾಮೆರಾದೆದುರು ಹೇಳಿದವಳು ಅವಳೇ.

"ಇವತ್ತೊಂದಿನ ಇಂಬಳ ಕಚ್ಲಿಲ್ಲ ನೋಡಿ ಅಮ್ಮಾ," ಎಂದು ಆಫೀಸಿನ ಗಾನಶ್ರೀಗೆ ನಗುತ್ತಲೇ ಹೇಳಿ ಅವಳು ಬೂಟು ಎಳೆದಳು. ಜಿಗಣೆ ಕಡಿದ ಗಾಯಗಳೇ ತುಂಬಿದ ಕಾಲು ಹೊರಬಂತು.

ಗಾನಶ್ರೀ ಬೂಟು ತುಂಬಲು ಖಾಲಿ ಚೀಲ ಹಿಡಿದು ನಿಂತಿದ್ದಳು. ಹೋದ ವರ್ಷ ಇಂಥದೇ ಜಾಹೀರಾತು ಹೆಸರು ತಂದಿತೆಂದು ಎಂಡಿಯವರ ಸಂಬಳ ಎರಡು ಕೋಟಿ ಏರಿದ್ದನ್ನು ಅವಳು ಕಂಪನಿಯ ವರದಿಯಲ್ಲಿ ಓದಿದ್ದಳು.

"ಏನು ನೋಡ್ತಾ ನಿಂತೆ ಮಾರಾಯ್ತಿ, ಚೀಲಕ್ಕೆ ತುಂಬು!" ಎಂದು ಮ್ಯಾನೇಜರ್ ಗದರಿದ.

ಅವನೆದುರು ಎಂದೂ ತಲೆಯೆತ್ತದ ಗಾನಶ್ರೀ ಬಗ್ಗಿ, ಬೂಟನ್ನು ಮತ್ತೆ ದ್ಯಾವಮ್ಮನ ಕಾಲಿಗೇ ಏರಿಸಿದಳು. "ಬೇಕಿದ್ರೆ ಎಂಡಿಯವ್ರೇ ಬಂದು, ಇವ್ರ ಕಾಲ ಹತ್ರ ಕೂತು ಬಿಚ್ಕೊಂಡು ಹೋಗ್ಲಿ ಸಾರ್!"