ಎಂಟು ಗೀರು

"ಪಂಜ! ಇದು ಪಂಜದ ಗುರುತೇ!"

ಕಾರ್ಖಾನೆಯ ಫೋರ್‌ಮನ್ ತನ್ನ ಕಾರಿನ ಬಾಗಿಲು ತೆರೆದು, ಚಾಲಕನ ಪಕ್ಕದ ಸೀಟಿಗೆ ಬೆರಳು ತೋರಿಸಿ ಕೂಗುತ್ತಿದ್ದ. ಕಂದು ಚರ್ಮದ ಎಡ ಅಂಚಿಗೆ ನಾಲ್ಕು ಗೀರು, ಬಲ ಅಂಚಿಗೆ ನಾಲ್ಕು. ಒಂದು ಕಡೆಯಂತೂ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು.

ಕೆಳಮನೆಯ ಟೀಚರಮ್ಮ ತಮ್ಮ ಬಿಳಿ ಬೆಕ್ಕನ್ನು ಎದೆಗವಚಿಕೊಂಡು ನಿಂತಿದ್ದರು. ಅವರು ನಿವೃತ್ತರಾಗಿ ಒಂಬತ್ತು ವರ್ಷ. ಮನೆಯಲ್ಲಿ ಅವರನ್ನು ಬಿಟ್ಟರೆ ಆ ಬೆಕ್ಕೊಂದೇ.

"ಬಾನೆಟ್ ಮೇಲೆ ಮಲಗುತ್ತೆ, ಒಪ್ಕೋತೀನಿ. ಒಳಗೆ ಹೋಗಲ್ಲಪ್ಪ," ಎಂದರು.

"ಕಿಟಕಿ ಒಂದು ಗೇಣು ತೆರೆದಿರುತ್ತೆ, ಮೇಡಂ. ಮತ್ತೆ ಪರಚಿದ್ದು ಯಾರು, ನಾನಾ?"

ಕಟ್ಟಡದ ಕಾರ್ಯದರ್ಶಿಗೆ ಇಬ್ಬರೂ ಬೇಕಾದವರು. ತಲೆ ಕೆರೆದುಕೊಂಡು ತೀರ್ಮಾನ ಹೇಳಿದರು. ಮೊದಲು ಸೀಟು ರಿಪೇರಿಯಾಗಲಿ. ಆಮೇಲೆ ಒಂದು ವಾರದೊಳಗೆ ಹೊಸ ಗೀರು ಬಿದ್ದರೆ ಬೆಕ್ಕು ಕಟ್ಟಡ ಬಿಡಬೇಕು.

ರಿಪೇರಿಗೆ ಬೇರೆಯವರೇಕೆ? ಇಪ್ಪತ್ತೆರಡು ವರ್ಷ ಲೇತ್ ಯಂತ್ರಗಳನ್ನು ಹದ್ದುಬಸ್ತಿನಲ್ಲಿಟ್ಟವನಿಗೆ ಒಂದು ಸೀಟು ಯಾವ ಲೆಕ್ಕ? ಆಗ ಹಾಗೆ ಅಂದುಕೊಂಡದ್ದನ್ನು ನೆನೆದರೆ ಅವನಿಗೇ ಈಗ ನಗು ಬರುತ್ತದೆ.

"ನೀನೂ ಇಷ್ಟು ದಿನ ನೋಡಿಲ್ವೇನೇ ಈ ಗೀರನ್ನ?" ಎಂದು ಹೆಂಡತಿಯ ಮೇಲೂ ಹರಿಹಾಯ್ದ.

"ನಿಮ್ಮ ಕಾರಲ್ಲಿ ಕೂತಾಗ ನನಗೆ ರಸ್ತೆ ಬಿಟ್ಟು ಇನ್ನೇನೂ ಕಾಣಲ್ಲ ರೀ," ಎಂದಳು ಅವಳು.

ಶನಿವಾರ ಸೀಟನ್ನು ಸೋಪುನೀರಲ್ಲಿ ತೊಳೆದ. ಸ್ಪಿರಿಟ್ ಹಚ್ಚಿ ಜಿಡ್ಡು ತೆಗೆದ. ಉಪ್ಪುಕಾಗದ ಹಿಡಿದು ಉಜ್ಜಿದ. ಸಿಟ್ಟಿನ ಕೈ ತುಸು ಜೋರಾಯಿತು; ಎಂಟು ಗೀರುಗಳ ಪಕ್ಕ ಒಂಬತ್ತನೆಯದನ್ನು ತಾನೇ ಎಳೆದ. ಅದನ್ನೂ ಬೆಕ್ಕಿನ ತಲೆಗೇ ಕಟ್ಟಿದ. ಹರಿದ ಕಡೆ ಒಳಗೊಂದು ಬಟ್ಟೆಯ ತೇಪೆ ತೂರಿಸಿ ಅಂಟಿಸಿದ. ಭಾನುವಾರ ಮಧ್ಯಾಹ್ನ ಸ್ಪಂಜಿನಿಂದ ಕಂದು ಬಣ್ಣ ತಟ್ಟಿದ, ಮೂರು ಸಲ. ಇಡೀ ದಿನ ಒಣಗಲು ಬಿಡಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಡಬ್ಬಿಯಿಂದ ಪಾಠ ಹೇಳಿಸಿಕೊಳ್ಳುವ ಆಸಾಮಿಯೇ ಅವನು?

"ಗಾಳಿಗೆ ಅರ್ಧ ಗಂಟೇಲಿ ಒಣಗುತ್ತೆ. ಒಂದು ಸುತ್ತು ಹೋಗಿ ಬರೋಣ, ಕಾರು ಹತ್ತು."

"ನಾನ್ಯಾಕ್ರೀ?" ಎಂದಳು ಹೆಂಡತಿ.

"ತೇಪೆ ಗಟ್ಟಿಯಾಗಿ ಕೂರಬೇಕು ಅಂದ್ರೆ ಮೇಲೆ ಭಾರ ಬೇಕು."

"ಅಬ್ಬಾ, ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ನನ್ನಿಂದ ಒಂದು ಉಪಯೋಗ ಸಿಕ್ತು."

ಮಗಳನ್ನೂ ಕರೆದ. ಅವಳು ಓದುವುದಿದೆ ಎಂದಳು. ಮನೆಯಲ್ಲಿ ಕಾರಿದ್ದರೂ ಅವಳು ಕಾಲೇಜಿಗೆ ಹೋಗುವುದು ಬಸ್ಸಿನಲ್ಲೇ. ಎಷ್ಟು ಸರಳ ಹುಡುಗಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವ ಅಪ್ಪ ಅವನು.

ಸೀಟಿನ ನಡುವೆ ಹಳೆಯ ಬೆಡ್‌ಶೀಟ್ ಮಡಚಿ ಹಾಸಿ ಹೆಂಡತಿಯನ್ನು ಕೂರಿಸಿದ. ಸುತ್ತು ಸೊಗಸಾಗಿತ್ತು. ಹಿಂದಿನಿಂದ ಹಾರ್ನ್ ಹೊಡೆದ ಲಾರಿಗೆ ಬುದ್ಧಿ ಕಲಿಸಿದ. ಎರಡು ಬಸ್ಸುಗಳ ನಡುವೆ ನುಸುಳಿದ. ಹೆಂಡತಿಯ ತುಟಿ ಅಲುಗುತ್ತಿತ್ತು. ಹಾಡು ಗುನುಗುತ್ತಿದ್ದಾಳೆ ಎಂದುಕೊಂಡು, ಅದೇ ಖುಷಿಗೆ ಇನ್ನಷ್ಟು ವೇಗ ಕೊಟ್ಟ.

ಕಟ್ಟಡ ಮುಟ್ಟಿದ್ದೇ ಅವಳು ಇಳಿದು ಸರಸರನೆ ಮೆಟ್ಟಿಲು ಹತ್ತಿದಳು. ಅವನು ಕಿಟಕಿ ತೆರೆದೇ ಬಿಟ್ಟು ಮೂಲೆಯಂಗಡಿಗೆ ಚಹಾ ಕುಡಿಯಲು ಹೋದ. ಕಾಲು ಗಂಟೆಗೆ ಮರಳಿ ಬಂದರೆ ಬಿಸಿ ಬಾನೆಟ್ಟಿನ ಮೇಲೆ ಬೆಕ್ಕು ಮಲಗಿತ್ತು. ಒಳಗೆ ಬಗ್ಗಿ ನೋಡಿದ. ಎರಡೂ ಅಂಚುಗಳಲ್ಲಿ ಹಸಿ ಬಣ್ಣ ಕಿತ್ತುಬಂದು ನಾಲ್ಕು, ನಾಲ್ಕು ಗೀರು.

ಎರಡು ದಿನದ ದುಡಿಮೆ ನೀರುಪಾಲಾಗಿದ್ದಕ್ಕೆ ಯಾರೂ ಅಷ್ಟು ಸಂಭ್ರಮಪಟ್ಟಿರಲಾರರು. ಅವನ ಕೂಗಿಗೆ ಕಾರ್ಯದರ್ಶಿಯೂ ಸೇರಿ ಅರ್ಧ ಕಟ್ಟಡ ಕೆಳಗಿಳಿಯಿತು.

"ಮಾತು ಅಂದ್ರೆ ಮಾತು ಸಾರ್. ಸಂಜೆಯೊಳಗೆ ಇದು ಇಲ್ಲಿರಬಾರದು."

ಟೀಚರಮ್ಮ ಬೆಕ್ಕನ್ನೆತ್ತಿ, ಅದರ ಪಾದಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಒಂದು ಚುಕ್ಕೆ ಬಣ್ಣ ಇಲ್ಲವಲ್ಲಪ್ಪ."

"ನೆಕ್ಕಿ ಚೊಕ್ಕಟ ಮಾಡ್ಕೊಂಡಿರುತ್ತೆ! ಮಾಡೋದನ್ನೆಲ್ಲ ಮಾಡಿ, ಮೆತ್ತಗೆ ಹೋಗಿ ತೊಳ್ಕೊಳ್ಳೋ ಜಾತಿ ಅದು. ನನಗೆ ಗೊತ್ತಿಲ್ವಾ?"

ಕಾರ್ಯದರ್ಶಿ ಬೇರೆ ದಾರಿ ಕಾಣದೆ ನಿಟ್ಟುಸಿರುಬಿಟ್ಟರು. "ಅಮ್ಮಾ, ಇನ್ನು ನಾನು ಹೇಳೋಕೇನೂ ಉಳಿದಿಲ್ಲ..." ಟೀಚರಮ್ಮ ಬೆಕ್ಕಿನ ತಲೆಗೆ ಕೆನ್ನೆಯೊತ್ತಿ ನಿಂತರು.

ಅಷ್ಟರಲ್ಲಿ ಮೂರನೆಯ ಮಹಡಿಯ ಬಾಲ್ಕನಿಯಿಂದ ಫೋರ್‌ಮನ್‌ನ ಹೆಂಡತಿ ಬಗ್ಗಿ, ಸೋಪಿನ ನೊರೆಯೊಳಗೂ ಕಂದಾಗಿಯೇ ಉಳಿದ ಎರಡೂ ಕೈಯ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಚಾಚಿ ಕೂಗಿದಳು: "ರೀ, ಎಷ್ಟು ಉಜ್ಜಿದ್ರೂ ಈ ಬಣ್ಣ ಹೋಗ್ತಿಲ್ಲ! ನೀವು ಬ್ರೇಕ್ ಹಾಕೋದು ಕಲಿಯೋವರೆಗೂ ನಾನು ಸೀಟು ಬಿಟ್ಟು ಇನ್ನೇನು ಹಿಡ್ಕೊಳ್ಳಲಿ?"