ನೀರಿಲ್ಲದ ಬ್ರೇಕು

ಅನ್ಸೆಲ್ಮೊನ ಟ್ರಕ್ಕು ಇತ್ಸಿಯಾರಳ ಟ್ರಕ್ಕಿಗೆ ಹಿಂದಿನಿಂದ ಮತ್ತೆ ಗುದ್ದಿತು. ಅವಳ ತುಟಿ ಒಡೆದು ಬಾಯಿ ತುಂಬ ರಕ್ತ. ಟ್ರಕ್ ರೇಸಿನ ಕೊನೆಯ ಸುತ್ತು, ಗೆದ್ದವರಿಗೇ ಈ ವರ್ಷದ ಪಟ್ಟ. "ಮನೆಗೆ ಹೋಗಿ ಕಡಲೆ ಬೇಯಿಸೇ, ಹುಡುಗಿ!" ಎಂದು ಬೆಳಿಗ್ಗೆ ಕೆಣಕಿದ್ದವನು ಅವನೇ.

ಇಳಿಜಾರಿನಲ್ಲಿ ಅವಳು ಕನ್ನಡಿ ನೋಡಿದಳು. ರೇಸಿನ ಟ್ರಕ್ಕುಗಳಲ್ಲಿ ಬ್ರೇಕು ತಣಿಸಲೆಂದೇ ನೀರಿನ ತೊಟ್ಟಿ ಇರುತ್ತದೆ; ಕಾದ ಬ್ರೇಕಿಗೆ ಆ ನೀರು ಬಿದ್ದರೆ ಗಾಲಿಗಳಿಂದ ಬಿಳಿ ಹಬೆ ಏಳಬೇಕು. ಅವನ ಗಾಲಿಗಳಿಂದ ಏಳುತ್ತಿದ್ದುದು ಕಪ್ಪು ಹೊಗೆ. ಅವನ ಕಡೆಯವರು ನೀರು ಪೂರ್ತಿ ತುಂಬಿಸಲು ಮರೆತಿರಬೇಕು; ಮುಂದಿನ ತಿರುವಿನಲ್ಲಿ ಅವನ ಬ್ರೇಕು ಹಿಡಿಯದು. ಹಿಂದೊಂದು ವರ್ಷ ಇದೇ ಹರಾಮಾ ಟ್ರ್ಯಾಕಿನಲ್ಲಿ, ವರ್ಷದ ಕೊನೆಯ ರೇಸಿನಲ್ಲಿ, ಇದೇ ತಿರುವಿನ ಗೋಡೆಗೆ ಬಡಿದು ಅವಳ ಅಪ್ಪ ಸುಟ್ಟುಹೋಗಿದ್ದೂ ಹೀಗೆಯೇ.

"ಪಕ್ಕಕ್ಕೆ ಸರಿ ಮಗಳೇ, ಅವನು ಗೋಡೆಗೆ ಹೋಗ್ತಾನೆ, ನೀನು ಗೆದ್ದೆ!" ರೇಡಿಯೋದಲ್ಲಿ ಚಿಕ್ಕಪ್ಪ ಕೂಗಿದ.

ಅವಳು ಸರಿಯದೆ, ಅವನ ಮುಂದೆಯೇ ಬ್ರೇಕು ತುಳಿದಳು. ಅವನ ಟ್ರಕ್ಕು ಅವಳ ಟ್ರಕ್ಕಿನ ಬೆನ್ನಿಗೆ ಅಪ್ಪಳಿಸಿತು. ಎರಡೂ ಟ್ರ್ಯಾಕಿನ ಅಂಚಿನ ಜಲ್ಲಿಯಲ್ಲಿ ಉಜ್ಜಿಕೊಂಡು ಹೋಗಿ, ಗೋಡೆಗೆ ಬಡಿಯದೆ ಅದರ ಹತ್ತಿರ ನಿಂತವು. ಪಟ್ಟ ಬೇರೆಯವರ ಪಾಲಾಯಿತು.

ಅನ್ಸೆಲ್ಮೊ ತೆವಳಿ ಹೊರಬಂದ. "ಯಾಕೇ ಸರಿಯಲಿಲ್ಲ, ಹುಚ್ಚಿ?"

ಇತ್ಸಿಯಾರ್ ರಕ್ತ ಉಗಿದಳು. "ಕಡಲೆ ಬೇಯಿಸಿದ್ರೆ ತಿನ್ನೋಕೆ ಯಾರಾದ್ರೂ ಬೇಡ್ವೇನೋ?"